ಮಾಮೂಲಿ ಪ್ಲಗ್ಗೋ, ಇರಿಡಿಯಂ ಪ್ಲಗ್ಗೋ?

ಪೆಟ್ರೋಲ್ ಎಂಜಿನ್ನಿನೊಳಗೆ ಇಂಧನಕ್ಕೆ ಕಿಡಿ ಹೊತ್ತಿಸುವುದು ಸ್ಪಾರ್ಕ್ ಪ್ಲಗ್. ಮಾಮೂಲಿ ನಿಕಲ್ ಪ್ಲಗ್ ಅಗ್ಗ. ಆದರೆ ಸುಮಾರು 30ರಿಂದ 40 ಸಾವಿರ ಕಿಲೋಮೀಟರಿಗೆ ಬದಲಾಯಿಸಬೇಕು. ಇರಿಡಿಯಂ ಎಂಬ ಗಟ್ಟಿ ಲೋಹದ ತುದಿಯಿರುವ ಪ್ಲಗ್ಗಿಗೆ ದುಡ್ಡು ಹಲವು ಪಟ್ಟು ಜಾಸ್ತಿ. ತುದಿ ಬೇಗ ಸವೆಯುವುದಿಲ್ಲ, ಹಾಗಾಗಿ ಹೆಚ್ಚುಕಡಿಮೆ 1 ಲಕ್ಷ ಕಿಲೋಮೀಟರ್ ಬಾಳುತ್ತದೆ.

ವಾರವಾರ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗಿಬರುವವರಿಗೆ ಇರಿಡಿಯಂ ಒಳ್ಳೆಯದು. ಮಡಿಕೇರಿ ಪೇಟೆಯೊಳಗೇ ಓಡಾಡುವವರಿಗೆ ಮಾಮೂಲಿಯೇ ಸಾಕು, ಸುಮ್ನೆ ಯಾಕೆ ಖರ್ಚು? ಒಂದು ಮಾತು: ಚಳಿಯಲ್ಲಿ ಎಂಜಿನ್ ಬಿಸಿಯಾಗುವ ಮೊದಲೇ ನಿಲ್ಲಿಸುತ್ತಿದ್ದರೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಮಳೆ ಹಿಡಿಯುವ ಮುಂಚೆ, ಮೇ ತಿಂಗಳಲ್ಲಿ, ಒಮ್ಮೆ ಬಿಚ್ಚಿಸಿ ನೋಡಿ.

ಗಾಡಿಯ ಪುಸ್ತಕದಲ್ಲೇ ಇರಿಡಿಯಂ ಅಂತಿದ್ದರೆ ಅದನ್ನೇ ಹಾಕಿಸಿ. ತೋಟಕ್ಕೆ ಡೀಸೆಲ್ ಜೀಪು ಇಟ್ಟುಕೊಂಡವರಿಗೆ ಈ ತಲೆನೋವೇ ಇಲ್ಲ. ಅದರಲ್ಲಿ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ ಅಲ್ವಾ!