ಪಿಯಾನೋ ಪಾಠ: ಮನೆಯ ಅಭ್ಯಾಸವನ್ನೂ ಕಲಿಸುವ ಟೀಚರ್

ಒಬ್ಬರಿಗೇ ಹೇಳಿಕೊಡುವ ಪಿಯಾನೋ ಪಾಠಕ್ಕೆ ಸೇರಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಹೋಗುವ ಟೀಚರ್ ಹತ್ತಿರ ಸಣ್ಣ ಮಕ್ಕಳೂ ಬರುತ್ತಾರೆ, ಸ್ವಲ್ಪ ಕಲಿತು ಬಿಟ್ಟು ಮತ್ತೆ ಶುರು ಮಾಡಿದ ನನ್ನಂಥ ದೊಡ್ಡವರೂ ಬರುತ್ತಾರೆ. ವಾರಕ್ಕೊಂದು ಸಲ, 45 ನಿಮಿಷ. ಪಾಠ ತುಂಬಾ ಚೆನ್ನಾಗಿದೆ. ಮುಖ್ಯ ಕಾರಣ, ಮನೆಯಲ್ಲಿ ಕೂತಾಗ ಏನು ಮಾಡಬೇಕು ಅನ್ನೋದನ್ನೂ ಇವರು ಹೇಳಿಕೊಡುತ್ತಾರೆ. ವಾರದ ಉಳಿದ ದಿನಗಳೆಲ್ಲ ನಾವು ಒಬ್ಬರೇ ನುಡಿಸುವುದು, ಅಲ್ವಾ?

ಹೊಸಬರಿಗೆ ಮೊದಲು ಕೂರುವುದನ್ನು ಕಲಿಸುತ್ತಾರೆ. ಬೆಂಚಿನ ಮುಂದಿನ ಅರ್ಧದಲ್ಲಿ ಕೂರಬೇಕು, ಮೊಣಕೈ ಹೆಚ್ಚುಕಡಿಮೆ ಕೀಗಳ ಮಟ್ಟಕ್ಕಿರಬೇಕು. ಕೀಗಳ ಮೇಲೆ ಅಕ್ಷರದ ಸ್ಟಿಕ್ಕರ್ ಅಂಟಿಸಲು ಬಿಡುವುದಿಲ್ಲ. 88 ಕೀಗಳಲ್ಲಿ 36 ಕಪ್ಪು, ಅವು ಎರಡು, ಮೂರು ಎಂದು ಗುಂಪಾಗಿರುತ್ತವೆ. ಎರಡರ ಗುಂಪಿನ ಎಡಕ್ಕೆ ಅಂಟಿಕೊಂಡ ಬಿಳಿ ಕೀ ಯಾವಾಗಲೂ ಸಿ ಎಂಬ ಸ್ವರ. ಅದನ್ನು ಕಣ್ಣು ಮುಚ್ಚಿ ಬೆರಳಲ್ಲೇ ಹುಡುಕಿಸುತ್ತಾರೆ. ಮಕ್ಕಳಿಗೆ ಇದು ಆಟದಂತೆಯೇ ಇಷ್ಟವಾಗುತ್ತದೆ.

ನನಗೆ ಇವರ ಮೇಲೆ ನಂಬಿಕೆ ಬಂದದ್ದು ಸಿ ಮೇಜರ್ ಸ್ಕೇಲ್ (ಸಿಯಿಂದ ಶುರುವಾಗುವ ಸ್ವರಗಳ ಸಾಲು) ನುಡಿಸಿದಾಗ. ಬಲಗೈಯಲ್ಲಿ ಸಿ, ಡಿ, ಇ ಆದಮೇಲೆ ಹೆಬ್ಬೆರಳು ಕೈಯಡಿ ನುಸುಳಿ ಎಫ್ ಒತ್ತಬೇಕು. ನನ್ನದು ಪ್ರತಿ ಸಲ ಅಲ್ಲೇ ಧಡಕ್ಕೆಂದು ಕುಟ್ಟುತ್ತಿತ್ತು. ಅವರು ಮತ್ತೆ ಮತ್ತೆ ನುಡಿಸಿ ಎನ್ನಲಿಲ್ಲ. ಪಕ್ಕಕ್ಕೆ ಬಂದು ನನ್ನ ಮೊಣಕೈ ನೋಡಿದರು. ಎಫ್ ಬರುವಾಗ ಅದು ರೆಕ್ಕೆಯಂತೆ ಹೊರಗೆ ಏಳುತ್ತಿತ್ತು. ಡಿ ಒತ್ತಿದ ಕೂಡಲೇ ಹೆಬ್ಬೆರಳು ಒಳಗೆ ಹೊರಡಬೇಕು, ಇ ಮುಗಿಯುವ ತನಕ ಕಾಯಬಾರದು ಎಂದರು. ಆಮೇಲೆ ಇಡೀ ಸ್ಕೇಲ್ ಬಿಟ್ಟು ಡಿ, ಇ, ಎಫ್ ಮೂರನ್ನೇ ನುಡಿಸಿಸಿದರು. ಕ್ಲಾಸ್ ಮುಗಿಯುವಷ್ಟರಲ್ಲಿ ಆ ಕುಟ್ಟುವ ಸದ್ದು ಹೋಗಿತ್ತು.

ಎಫ್ ಮೇಜರ್‌ನಲ್ಲಿ (ಎಫ್‌ನಿಂದ ಶುರುವಾಗುವ ಸ್ಕೇಲ್) ಬಲಗೈ ಬೆರಳಿನ ಕ್ರಮ ಬದಲಾಗುತ್ತದೆ: 1-2-3-4-1-2-3-4. ಇಲ್ಲಿ 1 ಅಂದರೆ ಹೆಬ್ಬೆರಳು. ಯಾಕೆ ಎಂದು ಕೇಳಿದೆ. ಉತ್ತರ ಹೇಳದೆ ಸಿ ಮೇಜರ್‌ನ ಹಳೇ ಕ್ರಮದಲ್ಲೇ, ಅಂದರೆ ಮೂರು ಬೆರಳಾದ ಮೇಲೆ ಹೆಬ್ಬೆರಳು ಬರುವಂತೆ, ನುಡಿಸಿ ನೋಡಲು ಹೇಳಿದರು. ಹೆಬ್ಬೆರಳು ಸೀದಾ ಬಿ ಫ್ಲಾಟ್ ಎಂಬ ಕಪ್ಪು ಕೀ ಮೇಲೆ ಬಿತ್ತು, ಕೈ ಸಿಕ್ಕಿಕೊಂಡಿತು. ನಾಲ್ಕನೇ ಬೆರಳು ಅಲ್ಲಿ ಯಾಕೆ ಬೇಕು ಅನ್ನೋದು ಕೈಗೇ ಗೊತ್ತಾಯಿತು.

ಪೆಡಲ್ ವಿಷಯಕ್ಕೂ ಅಷ್ಟೇ. ಪಿಯಾನೋದ ಮುಂದಿನ ಹಲಗೆ ತೆಗೆದು ತೋರಿಸಿದರು. ಬಲಗಡೆ ಪೆಡಲ್ ಒತ್ತಿದಾಗ, ತಂತಿಯ ಸದ್ದು ತಡೆಯುವ ಡ್ಯಾಂಪರ್‌ಗಳೆಲ್ಲ ತಂತಿಗಳಿಂದ ಒಟ್ಟಿಗೇ ಹಿಂದೆ ಸರಿದವು. ಕಾರ್ಡ್ (ಒಟ್ಟಿಗೇ ನುಡಿಸುವ ಸ್ವರಗಳ ಗುಂಪು) ಬದಲಾದಾಗ ಕೈ ಕೆಳಗೆ ಬರುವ ಕ್ಷಣದಲ್ಲಿ ಕಾಲು ಮೇಲೇಳಬೇಕು, ಸ್ವರ ಹುಟ್ಟಿದ ಮೇಲೆ ಕಾಲು ಕೆಳಗೆ. ಕೈಕಾಲು ಒಟ್ಟಿಗೇ ಇಳಿದರೆ ಹಿಂದಿನ ಕಾರ್ಡ್ ಹೊಸದರ ಜೊತೆ ಕಲಸಿಹೋಗುತ್ತದೆ. ಒಮ್ಮೆ ಕಣ್ಣಾರೆ ನೋಡಿದ್ದು ಆಮೇಲೆ ಮರೆಯಲಿಲ್ಲ.

ಇನ್ನು ಅಭ್ಯಾಸ. ಹಿಂದೆ ಹೋಗುತ್ತಿದ್ದ ಕಡೆ ಮೊದಲಿಂದ ಕೊನೇವರೆಗೆ ಒಮ್ಮೆ ನುಡಿಸಿದರೆ ಸಾಕು, ಮುಂದಿನ ಪಾಠ ಶುರುವಾಗುತ್ತಿತ್ತು. ಇಲ್ಲಿ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಎರಡೇ ಬಾರ್‌ಗೆ (ತಾಳದ ಲೆಕ್ಕದ ಚಿಕ್ಕ ತುಣುಕುಗಳಿಗೆ) ಗೆರೆ ಎಳೆದು ಕೊಡುತ್ತಾರೆ. ಮೊದಲು ಒಂದೊಂದೇ ಕೈ, ತಾಳ ಬಡಿಯುವ ಮೆಟ್ರೋನೋಮ್ ನಿಮಿಷಕ್ಕೆ 60 ಬಡಿತಕ್ಕೆ. ತಡವರಿಸದೆ ಬಂದರೆ ಮಾತ್ರ 64. ಕೆಲವು ಸಲ ಕೊನೆಯ ಸಾಲಿನಿಂದ ಹಿಂದಕ್ಕೆ ಕಲಿಸುತ್ತಾರೆ. ಹಾಗೆ ಮಾಡಿದರೆ ನುಡಿಸುತ್ತಾ ಹೋದಂತೆ ಚೆನ್ನಾಗಿ ಗೊತ್ತಿರುವ ಜಾಗವೇ ಮುಂದೆ ಸಿಗುತ್ತದೆ, ಧೈರ್ಯ ಬರುತ್ತದೆ. ಕೆಲಸದಿಂದ ಸುಸ್ತಾಗಿ ಬಂದ ದಿನವೂ ಈ ಎರಡು ಬಾರ್ ಮಾಡಲು ಆಗುತ್ತದೆ.

ಒಂದು ಷರತ್ತು ಇದೆ. ಮನೆಯಲ್ಲಿ ಪಿಯಾನೋ ಇಲ್ಲದಿದ್ದರೆ ಒತ್ತಿದಾಗ ನಿಜವಾದ ಪಿಯಾನೋದಂತೆ ಭಾರವೆನಿಸುವ ಕೀಗಳಿರುವ ಡಿಜಿಟಲ್ ಪಿಯಾನೋ ಆದರೂ ಬೇಕು ಎನ್ನುತ್ತಾರೆ. ಇದು ಸರಿ ಅಂತಲೇ ನನ್ನ ಅನಿಸಿಕೆ. 1700ರ ಸುಮಾರಿಗೆ ಇಟಲಿಯ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ಈ ವಾದ್ಯ ಮಾಡಿದಾಗ ಅದರ ವಿಶೇಷವೇ ಬೆರಳ ಒತ್ತಿಗೆ ತಕ್ಕ ಸದ್ದು. ಅದಕ್ಕೂ ಹಳೆಯ ಕೀಬೋರ್ಡ್ ವಾದ್ಯವಾದ ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುತ್ತದೆ, ಪಿಯಾನೋ ಸುತ್ತಿಗೆಯಿಂದ ಹೊಡೆಯುತ್ತದೆ. ಹಾಗಾಗಿ ಬೆರಳು ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ. ಹೇಗೆ ಒತ್ತಿದರೂ ಒಂದೇ ಸದ್ದು ಕೊಡುವ ಕೀಬೋರ್ಡ್‌ನಲ್ಲಿ ಆ ಪಾಠವೇ ತಪ್ಪಿಹೋಗುತ್ತದೆ.

ಕೊರತೆಯೂ ಇದೆ. ಹೊಸ ಸ್ವರಲಿಪಿಯನ್ನು ನೋಡಿದ ಕೂಡಲೇ ನುಡಿಸುವ ಸೈಟ್ ರೀಡಿಂಗ್‌ಗೆ ಕ್ಲಾಸಿನ ಕೊನೆಯ ಕೆಲವೇ ನಿಮಿಷ ಸಿಗುತ್ತದೆ, ಎಷ್ಟೋ ಸಲ ಅದೂ ಇಲ್ಲ. ಕೇಳಿ ಸ್ವರ ಗುರುತಿಸುವ ಕಿವಿಯ ಅಭ್ಯಾಸವೂ ಕಡಿಮೆ. ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿಯಾದ ಎಬಿಆರ್‌ಎಸ್‌ಎಂ ಪ್ರಾಕ್ಟಿಕಲ್ ಗ್ರೇಡ್ ಪರೀಕ್ಷೆಗೆ ಕೂರುವವರು ಇದನ್ನು ಮೊದಲೇ ಮಾತಾಡಿಕೊಳ್ಳಿ, ಅಲ್ಲಿ ಎರಡಕ್ಕೂ ಅಂಕ ಇದೆ. ಪರೀಕ್ಷೆ ಬೇಡದವರನ್ನು ಇವರು ಸುಮ್ನೆ ಒತ್ತಾಯಿಸುವುದಿಲ್ಲ, ಅದು ನನಗೆ ಹಿಡಿಸಿತು. ಆನ್‌ಲೈನ್ ಕ್ಲಾಸೂ ಉಂಟು, ಆದರೆ ಪೆಡಲ್ ಕೆಲಸ ಅದರಲ್ಲಿ ಸರಿಯಾಗಿ ಕೇಳಿಸುವುದಿಲ್ಲ. ಹೋಗಲು ಆಗುವವರು ನೇರವಾಗಿಯೇ ಹೋಗಿ.

ನೀವು ಯಾರ ಹತ್ತಿರ ಸೇರುವುದಾದರೂ ಮೊದಲು ಒಂದು ಟ್ರಯಲ್ ಕ್ಲಾಸ್ ಕೇಳಿ. ನಿಮಗೆ ಕಷ್ಟವಾಗುವ ಒಂದು ಜಾಗ ನುಡಿಸಿ ತೋರಿಸಿ. ಅವರು ನಿಮ್ಮ ಕೈ ನೋಡುತ್ತಾರಾ, ಮನೆಗೆ ಹೋಗಿ ಏನು ಮಾಡಬೇಕು ಅಂತ ಬಿಡಿಸಿ ಹೇಳುತ್ತಾರಾ, ಗಮನಿಸಿ. ಎರಡೂ ಇದ್ದರೆ ಧಾರಾಳವಾಗಿ ಸೇರಿ.