ಗಾಡಿ ಬೀರೂರಲ್ಲಿ ನಿಂತಿದೆಯಂತೆ: ಒಂದು ವೃದ್ಧಾಶ್ರಮದಲ್ಲಿ ಅಮ್ಮನ 14 ತಿಂಗಳು

ಮೊದಲೇ ಹೇಳಿಬಿಡುತ್ತೇನೆ, ಜಾಗದ ಹೆಸರು ಹಾಕುವುದಿಲ್ಲ. ಅಮ್ಮ ಇನ್ನೂ ಅಲ್ಲೇ ಇದ್ದಾಳೆ. ಅದೂ ಅಲ್ಲದೆ ಮುಂದೆ ಬರೆದಿರುವ ಒಂದು ಸಂಗತಿಯನ್ನು ನನಗೆ ಹೇಳಿದ ಸಿಸ್ಟರ್ ಯಾರು ಅಂತ ಯಾರೂ ಹುಡುಕುವುದು ಬೇಡ. ಮೈಸೂರಿನ ರಿಂಗ್ ರೋಡಿನ ಆಚೆ, 30 ಹಾಸಿಗೆಯ ಜಾಗ ಅಂತ ತಿಳಿದುಕೊಳ್ಳಿ, ಸಾಕು. ಕೆಳಗಿನ ಮಹಡಿ ಮರೆವಿನ ಕಾಯಿಲೆ ಇರುವವರಿಗೆ. ಮೇಲೆ ಉಳಿದವರು.

ತಿಂಗಳಿಗೆ 38,000 ರೂಪಾಯಿ. ಡೈಪರ್, ಮಾತ್ರೆ ಖರ್ಚು ಬೇರೆ. ಮುಂಗಡ ಒಂದು ಲಕ್ಷ. ಒಂದು ರೂಮಿಗೆ ಇಬ್ಬರು. ಬಿಸಿನೀರು ಬರುತ್ತದೆ. ಸಾರು ನೀರು ನೀರಾಗಿರುತ್ತದೆ, ಮುದ್ದೆ ಮಾತ್ರ ಗಂಟಿಲ್ಲದೆ ಚೆನ್ನಾಗಿರುತ್ತದೆ. ಶನಿವಾರದ ಉಪ್ಪಿಟ್ಟು ಯಾರಿಗೂ ಸೇರುವುದಿಲ್ಲ. ಟಿವಿ ಸೌಂಡು ಜಾಸ್ತಿ. ಇದನ್ನೆಲ್ಲ ನೀವೇ ಹೋಗಿ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತದೆ. ಆದರೆ ಅಲ್ಲಿನ ಸಿಸ್ಟರ್‌ಗಳು ಯಾರಿಗೆ, ಯಾವಾಗ ನಿಜ ಹೇಳುತ್ತಾರೆ ಅನ್ನುವುದು ಸೇರಿಸುವ ಮೊದಲು ಕಣ್ಣಿಗೆ ಬೀಳುವುದಿಲ್ಲ. ನನಗೆ ಅರ್ಥವಾಗಲು ಒಂದು ವರ್ಷ ಬೇಕಾಯಿತು.

ಅಲ್ಲಿ ಮೊದಲ ಸುಳ್ಳು ಹೇಳಿದವಳು ನಾನೇ. ಅಮ್ಮನಿಗೆ 79. ಮನೆ ಬಿಟ್ಟು ಬರಲು ಒಪ್ಪಲಿಲ್ಲ. "ಕಣ್ಣಿನ ಪೊರೆ ಆಪರೇಷನ್ ಮಾಡಿಸೋಣ ಬಾಮ್ಮ, ನಾಲ್ಕೇ ದಿನ" ಅಂತ ಹೇಳಿ ಕಾರು ಹತ್ತಿಸಿದೆ. ಸೇರಿಸಿ, ಸಹಿ ಹಾಕಿ, ಅಳುತ್ತ ಮನೆಗೆ ಬಂದೆ. ಮೂರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಇನ್‌ಚಾರ್ಜ್ ಸಿಸ್ಟರ್ ಫೋನ್ ಮಾಡಿದರು. ಮಡಿಕೇರಿ ಕಡೆಯವರು, ಮಾತು ಮೆಲ್ಲಗೆ, ಆದರೆ ನೇರ.

"ಮೇಡಂ, ನೀವು ಒಂದ್ಸಲ ಹೇಳಿ ಹೋದ್ರಿ. ಈಗ ಅದನ್ನ ದಿನಾ ನಾವು ಹೇಳ್ಬೇಕು. ಅಜ್ಜಿ ಬೆಳಿಗ್ಗೆಯಿಂದ ಏನೂ ಮುಟ್ಟಿಲ್ಲ. ಆಪರೇಷನ್‌ಗೆ ಮುಂಚೆ ತಿನ್ನಬಾರ್ದು ಅಂತ ಕೂತಿದ್ದಾರೆ. ಶುಗರ್ ಬೇರೆ ಇದೆ."

ನಾನು ಬ್ಯಾಂಕಿನ ಕೌಂಟರ್‌ನಲ್ಲಿದ್ದೆ. ಎದುರಿಗೆ ಆರು ಜನ ಕ್ಯೂನಲ್ಲಿದ್ದರು. ಅರ್ಧ ದಿನ ರಜೆ ಹಾಕಿ ಓಡಿದೆ. ಸಿಸ್ಟರ್ ನನ್ನನ್ನು ಅಮ್ಮನ ಮಂಚದ ಮೇಲೆ ಕೂರಿಸಿ, ತಾವೂ ಸ್ಟೂಲ್ ಎಳೆದುಕೊಂಡು ಕೂತರು. "ಆಪರೇಷನ್ ಇಲ್ಲಮ್ಮ. ನಾನು ಕೆಲಸಕ್ಕೆ ಹೋದಾಗ ನಿನ್ನ ನೋಡ್ಕೊಳ್ಳೋಕೆ ಯಾರೂ ಇಲ್ಲ. ಅದಕ್ಕೆ ಇಲ್ಲಿ ಕರ್ಕೊಂಡು ಬಂದೆ" ಅಂದೆ. ಅಮ್ಮ ಗೋಡೆ ಕಡೆ ತಿರುಗಿ ಮಲಗಿದಳು. ಸ್ವಲ್ಪ ಹೊತ್ತಿಗೆ "ಇಡ್ಲಿ ಇದ್ರೆ ಕೊಡಿ" ಅಂದಳು. ಎರಡು ದಿನ ನನ್ನ ಫೋನಿಗೆ ಮಾತಾಡಲಿಲ್ಲ. ಆಮೇಲೆ ಕೋಪ ಮರೆತುಹೋಯಿತು. ಆ ಮಟ್ಟಿಗೆ ಕಾಯಿಲೆ ನನ್ನ ಪರವಾಗಿಯೇ ಇತ್ತು.

ಇಲ್ಲಿನವರು ಸುಳ್ಳೇ ಹೇಳುವುದಿಲ್ಲ ಅಂತ ಇದರಿಂದ ಅಂದುಕೊಂಡೆ. ಅದು ತಪ್ಪು.

ನನ್ನ ಅಪ್ಪ ರೈಲ್ವೆಯಲ್ಲಿ ಗೂಡ್ಸ್ ಗಾರ್ಡ್. ನಾವು ಅರಸೀಕೆರೆ ಜಂಕ್ಷನ್ ಕ್ವಾರ್ಟರ್ಸ್‌ನಲ್ಲಿ ಬೆಳೆದವರು. ಅಪ್ಪ 2011ರಲ್ಲಿ ಹೋದರು. ಆದರೆ ಸಂಜೆ ಐದರ ಮೇಲೆ ಅಮ್ಮನ ಪಾಲಿಗೆ 2011 ಇನ್ನೂ ಬಂದಿರುವುದಿಲ್ಲ. ಬಾಗಿಲಿಗೂ ಮಂಚಕ್ಕೂ ಓಡಾಡುತ್ತಾಳೆ. "ಇವರು ಇನ್ನೂ ಡ್ಯೂಟಿಯಿಂದ ಬರ್ಲಿಲ್ಲವಲ್ಲ, ಅನ್ನ ಆರಿಹೋಗತ್ತೆ." ಬಿಸಿಲಿಳಿದಂತೆ ಕಳವಳ ಏರುವುದು ಈ ಕಾಯಿಲೆಯಲ್ಲಿ ಮಾಮೂಲಂತೆ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ, ಅಂದರೆ ಈ ಮರೆವಿನ ಕಾಯಿಲೆ, ಇದೆ ಅಂತ 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜು. ಎಷ್ಟು ಮನೆಗಳಲ್ಲಿ ಸಂಜೆ ಐದಕ್ಕೆ ಹೀಗೆ ಯಾರಿಗೋ ಕಾಯುತ್ತಿರುತ್ತಾರೋ!

ಹೊಸದಾಗಿ ಸೇರಿದ್ದ ಒಬ್ಬ ಸಿಸ್ಟರ್, ಚಿಕ್ಕ ಹುಡುಗಿ, ಆಗತಾನೇ ಕೋರ್ಸ್ ಮುಗಿಸಿದ್ದವಳು, ಮೊದಲ ವಾರದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. "ಅಜ್ಜಿ, ಅವರು ತೀರಿಕೊಂಡು ತುಂಬಾ ವರ್ಷ ಆಯ್ತು." ಅಮ್ಮನಿಗೆ ಅದು ಆ ಕ್ಷಣದ ಸುದ್ದಿ. ನೆಲಕ್ಕೆ ಕೂತು ಎದೆ ಬಡಿದುಕೊಂಡಳಂತೆ. "ನಂಗೆ ಯಾಕೆ ಯಾರೂ ಹೇಳ್ಲಿಲ್ಲ, ಮುಖನಾದ್ರೂ ನೋಡ್ತಿದ್ದೆ" ಅಂತ. ರಾತ್ರಿ ಎಂಟಕ್ಕೆ ಎಲ್ಲ ಮರೆತು ಮತ್ತೆ ಬಾಗಿಲಿಗೆ ಬಂದಳು. ಆ ಹುಡುಗಿ ಮತ್ತೆ ಹೇಳಬೇಕಿತ್ತಾ? ಮಾತ್ರೆ ಹಂಚುವ ಟ್ರೇ ಬಿಟ್ಟು ಬಾತ್‌ರೂಮಿಗೆ ಹೋಗಿ ಅತ್ತಳು ಅಂತ ಆಯಾ ಹೇಳಿದರು. ಅವಳ ಮೇಲೆ ನನಗೆ ಕೋಪವಿಲ್ಲ. ನಿಜ ಹೇಳಬೇಕು ಅಂತ ತಾನೇ ಕಲಿಸಿರುತ್ತಾರೆ.

ಆಮೇಲೆ ಇನ್‌ಚಾರ್ಜ್ ಸಿಸ್ಟರ್ ಅವಳಿಗೆ ಕಲಿಸಿದ್ದನ್ನು ನಾನೇ ಕಣ್ಣಾರೆ ಕಂಡೆ. ಉತ್ತರ ಕೊಡಲು ಅವಸರ ಮಾಡುವುದಿಲ್ಲ. ಮೊದಲು ಕೇಳುತ್ತಾರೆ. "ಅಜ್ಜಿ, ಯಜಮಾನರು ಡ್ಯೂಟಿಗೆ ಹೋಗೋವಾಗ ಏನೇನು ತಗೊಂಡು ಹೋಗ್ತಿದ್ರು?" ಅಮ್ಮ ಶುರು ಮಾಡುತ್ತಾಳೆ. ಲೈನ್ ಬಾಕ್ಸು, ಕೆಂಪು ಬಾವುಟ, ಹಸಿರು ಬಾವುಟ, ಸೀಟಿ, ಲಾಟೀನು, ಮೂರು ಡಬ್ಬಿಯ ಕ್ಯಾರಿಯರ್. ಕ್ಯಾರಿಯರ್ ಅಂದಮೇಲೆ ಅದರೊಳಗಿನ ಚಪಾತಿ, ಬದನೆಕಾಯಿ ಪಲ್ಯ. ಅಷ್ಟರಲ್ಲಿ ಕತ್ತಲಾಗಿರುತ್ತದೆ, ಊಟದ ಗಂಟೆ ಹೊಡೆದಿರುತ್ತದೆ. ಹತ್ತರಲ್ಲಿ ಏಳು ಸಲ ಇಷ್ಟೇ ಸಾಕು. ಸುಳ್ಳೇ ಬೇಕಾಗುವುದಿಲ್ಲ.

ಉಳಿದ ಮೂರು ಸಲ ಬೇಕಾಗುತ್ತದೆ. ಆಗ ಸಿಸ್ಟರ್ ಹೇಳುವುದು: "ಗಾಡಿ ಬೀರೂರಲ್ಲಿ ನಿಂತಿದೆಯಂತೆ ಅಜ್ಜಿ, ಸಿಗ್ನಲ್ ಸಿಕ್ಕಿಲ್ಲವಂತೆ." ಆ ಸಾಲು ಕೇಳಿ ನನಗೆ ನಗು, ಅಳು ಎರಡೂ ಬಂತು. ಬೀರೂರು ದಾಟಿದರೆ ಕಡೂರು, ಬಾಣಾವರ, ಆಮೇಲೆ ಅರಸೀಕೆರೆ. ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿ "ಹಾಗಾದ್ರೆ ಇನ್ನೂ ಹೊತ್ತಿದೆ" ಅಂತ ಸಮಾಧಾನದಿಂದ ಊಟಕ್ಕೆ ಕೂರುತ್ತಾಳೆ. ಮಡಿಕೇರಿಯ ಹೆಂಗಸಿಗೆ ಬೀರೂರು ಎಲ್ಲಿ ಗೊತ್ತು? ಸೇರಿಸುವ ದಿನ ನಾಲ್ಕು ಪುಟದ ಫಾರಂ ಕೊಟ್ಟು ಗಂಡನ ಕೆಲಸ, ಊರು, ಇಷ್ಟದ ತಿಂಡಿ, ಹೆದರಿಕೆ ಎಲ್ಲ ಬರೆಸಿಕೊಂಡಿದ್ದರು. ಸುಮ್ನೆ ಕಾಗದ ತುಂಬಿಸುತ್ತಾರೆ ಅಂತ ನಾನು ಗೊಣಗಿದ್ದೆ.

ನನ್ನ ತಮ್ಮನಿಗೆ ಇದು ಸರಿ ಕಾಣಲಿಲ್ಲ. ಅವನು ಡಲ್ಲಾಸ್‌ನಲ್ಲಿದ್ದಾನೆ. "ದುಡ್ಡು ಕೊಟ್ಟು ಅಮ್ಮನಿಗೆ ಸುಳ್ಳು ಹೇಳಿಸ್ತಿದೀವಾ ಅಕ್ಕ?" ಅಂದ. ಜರ್ಮನಿಯ ಡಸೆಲ್‌ಡಾರ್ಫ್‌ನಲ್ಲಿ ಒಂದು ವೃದ್ಧಾಶ್ರಮದ ಮುಂದೆ ಬಸ್ಸೇ ಬಾರದ ಬಸ್‌ಸ್ಟಾಪ್ ಕಟ್ಟಿಸಿದ್ದಾರೆ. ಮನೆಗೆ ಹೋಗಬೇಕು ಅಂತ ಹೊರಟವರು ಅಲ್ಲಿ ಬೆಂಚಿನ ಮೇಲೆ ಕೂತು, ಎಲ್ಲಿಗೆ ಹೊರಟಿದ್ದೆವು ಅನ್ನುವುದನ್ನೇ ಮರೆಯುತ್ತಾರೆ. ಅದನ್ನು ಹೇಳಿದೆ. "ಅದೂ ಮೋಸವೇ" ಅಂದ. ಇರಬಹುದು. ಸಂಜೆ ಐದಕ್ಕೆ ಅವನ ಗಡಿಯಾರದಲ್ಲಿ ಬೆಳಗಿನ ಜಾವ, ಅವನು ಮಲಗಿರುತ್ತಾನೆ.

ಕುಂಕುಮದ ವಿಷಯ ಇನ್ನೂ ಕಷ್ಟದ್ದು. ಅಪ್ಪ ಹೋದಮೇಲೆ ಅಮ್ಮ ಹಣೆಗೆ ಇಟ್ಟಿರಲಿಲ್ಲ. ಈಗ "ಬೋಳು ಹಣೇಲಿ ಇದ್ರೆ ಇವರು ಬೈತಾರೆ, ಕುಂಕುಮ ಕೊಡಿ" ಅಂತ ಹಟ. ಸಿಸ್ಟರ್ ಫೋನ್ ಮಾಡಿ "ಇದನ್ನ ನಾನೊಬ್ಬಳೇ ತೀರ್ಮಾನ ಮಾಡೋದು ಸರಿಯಲ್ಲ, ನೀವು ಹೇಳಿ" ಅಂದರು. ಗಂಡ ಸತ್ತರೆ ಹಣೆ ಅಳಿಸುವ ಪದ್ಧತಿ ನನಗೆ ಮೊದಲಿಂದಲೂ ಆಗದು. ಅಷ್ಟಿದ್ದೂ ಬಾಯಿಂದ "ಇಡಿ" ಅಂತ ಬರಲು ಒಂದು ನಿಮಿಷ ಹಿಡಿಯಿತು. ಸಿಸ್ಟರ್ ತಮ್ಮ ಬ್ಯಾಗಿನಿಂದ ಸ್ಟಿಕ್ಕರ್ ಹಾಳೆ ತೆಗೆದು ಒಂದು ಕೆಂಪು ಬೊಟ್ಟು ಇಟ್ಟರಂತೆ. ಮುಂದಿನ ಭಾನುವಾರ ಚಿಕ್ಕಮ್ಮ ನೋಡಲು ಹೋಗಿ, ಬೊಟ್ಟು ಕಿತ್ತು, ಸಿಸ್ಟರ್‌ಗೆ ಎಲ್ಲರೆದುರು ಬಾಯಿಗೆ ಬಂದಂತೆ ಬೈದು ಬಂದರು. ಸಿಸ್ಟರ್ ಎದುರಾಡಲಿಲ್ಲ. ಚಿಕ್ಕಮ್ಮ ಗೇಟು ದಾಟಿದ ಮೇಲೆ ಇನ್ನೊಂದು ಬೊಟ್ಟು ಇಟ್ಟರು.

ಮಾತ್ರೆ ವಿಷಯದಲ್ಲಿ ಈ ಜಾಗಕ್ಕೆ ಪೂರ್ತಿ ಅಂಕ. ಅಮ್ಮ ಮಾತ್ರೆ ಉಗಿಯಲು ಶುರು ಮಾಡಿದಾಗ ಆಯಾ ಪುಡಿ ಮಾಡಿ ಮೊಸರನ್ನದಲ್ಲಿ ಕಲಸಲು ಹೊರಟಿದ್ದರು. ಸಿಸ್ಟರ್ ತಡೆದರು. ಮೊದಲನೆಯದಾಗಿ ಶುಗರ್ ಮಾತ್ರೆ ಎಸ್ಆರ್, ಹೊಟ್ಟೆಯಲ್ಲಿ ನಿಧಾನವಾಗಿ ಕರಗಬೇಕಾದ್ದು, ಪುಡಿ ಮಾಡಿದರೆ ಅಷ್ಟೂ ಒಂದೇ ಸಲ ಮೈಗೆ ಹತ್ತುತ್ತದೆ. ಇನ್ನು ಒಬ್ಬರಿಗೆ ಹೇಳದೆ ಅನ್ನದಲ್ಲಿ ಔಷಧಿ ಕೊಡುವುದು ಸಣ್ಣ ವಿಷಯವಲ್ಲ. ಡಾಕ್ಟರ್ ಬರೆದುಕೊಡಬೇಕು, ಮನೆಯವರು ಸಹಿ ಹಾಕಬೇಕು, ಪ್ರತಿ ತಿಂಗಳು ಇನ್ನೂ ಬೇಕಾ ಅಂತ ನೋಡಬೇಕು ಅಂದರು. ಕೊನೆಗೆ ಎರಡು ಮಾತ್ರೆ ನಿಲ್ಲಿಸಿ, ಒಂದನ್ನು ಸಿರಪ್ ಮಾಡಿ, ಗುಟ್ಟಾಗಿ ಕೊಡುವ ಪ್ರಮೇಯವೇ ಬರದ ಹಾಗೆ ಮಾಡಿದರು.

ಮೇಲಿನ ಮಹಡಿಯ ಮೇಷ್ಟ್ರ ಕಥೆಯನ್ನೂ ಹೇಳಬೇಕು. ರಿಟೈರ್ಡ್ ಹೆಡ್‌ಮಾಸ್ಟರ್, ತಲೆ ಚುರುಕು, ಪೇಪರಿನ ಪದಬಂಧ ಪೆನ್ನಿನಲ್ಲೇ ತುಂಬುವವರು. ಅವರಿಗೆ ಕ್ಯಾನ್ಸರ್. ಮಕ್ಕಳು "ಅಪ್ಪನಿಗೆ ಗೊತ್ತಾಗಬಾರದು, ಅಲ್ಸರ್ ಅನ್ನಿ" ಅಂತ ಕಟ್ಟಪ್ಪಣೆ ಮಾಡಿ ಹೋಗಿದ್ದರು. ಒಂದು ಸಂಜೆ ನಾನು ವರಾಂಡದಲ್ಲಿದ್ದಾಗಲೇ ಮೇಷ್ಟ್ರು ಸಿಸ್ಟರ್‌ನ ಕೇಳಿದರು: "ನಿಜ ಹೇಳಮ್ಮ, ನಂಗೆ ಏನಾಗಿದೆ?" ಸಿಸ್ಟರ್ ಬಿಪಿ ಪಟ್ಟಿ ಬಿಚ್ಚುತ್ತಿದ್ದರು. ಕೈ ನಿಂತಿತು. "ನಾಳೆ ಡಾಕ್ಟರ್ ಬರ್ತಾರೆ ಮೇಷ್ಟ್ರೇ. ಇದೇ ಪ್ರಶ್ನೆ ಅವರಿಗೆ ಕೇಳಿ. ನಾನು ಪಕ್ಕದಲ್ಲೇ ಇರ್ತೀನಿ" ಅಂದರು. ಅಲ್ಸರ್ ಅನ್ನುವ ಮಾತು ಅವರ ಬಾಯಿಂದ ಬರಲಿಲ್ಲ. ಆ ರಾತ್ರಿಯೇ ಮಕ್ಕಳಿಗೆ ಫೋನ್ ಮಾಡಿ "ಅವರೇ ಕೇಳ್ತಿದಾರೆ, ಇನ್ನು ಮುಚ್ಚಿಡೋಕಾಗಲ್ಲ" ಅಂದಿದ್ದಾರೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ತಯಾರಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಮೊದಲನೆಯದೇ ಮಾಹಿತಿಯ ಹಕ್ಕು. ಆದರೆ ನಮ್ಮ ಕಡೆ ರಿಪೋರ್ಟು ಮೊದಲು ಹೋಗುವುದು ಮಗನ ಕೈಗೆ ತಾನೇ? ಮೇಷ್ಟ್ರಿಗೆ ಗೊತ್ತಾದ ಮೇಲೆ ಅವರು ಮಾಡಿದ ಮೊದಲ ಕೆಲಸ, ಮೊಮ್ಮಗಳಿಗೆ ತಮ್ಮ ಪೆನ್ನು ಕೊಟ್ಟಿದ್ದು. ಪದಬಂಧ ಈಗ ಪೆನ್ಸಿಲ್ಲಿನಲ್ಲಿ.

ಇನ್ನು ದೂರು. ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಮ್ಯಾನೇಜರ್ ಫೋನ್ ಮಾಡಿ, "ಅಮ್ಮ ಆರು ಗಂಟೆಗೆ ಬಾತ್‌ರೂಮಲ್ಲಿ ಸ್ವಲ್ಪ ಜಾರಿದ್ದಾರೆ, ತಕ್ಷಣ ಎತ್ತಿದ್ದೇವೆ" ಅಂದರು. ಎಡಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ರಿಪೋರ್ಟ್ ಬುಕ್ಕಿನಲ್ಲೂ ಆರು ಗಂಟೆ ಅಂತಲೇ ಇತ್ತು. ಕೈ ಮಾತ್ರ ಅಷ್ಟೊತ್ತಿಗೇ ದಿಂಬಿನ ಹಾಗೆ ಊದಿತ್ತು. ನಾಲ್ಕು ದಿನದ ಮೇಲೆ ಒಬ್ಬ ಸಿಸ್ಟರ್ ನನ್ನನ್ನು ಗೇಟಿನ ತನಕ ಬಿಡಲು ಬಂದವರು, ಯಾರೆಂದು ಬರೆಯುವುದಿಲ್ಲ, ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಹೇಳಿದರು. ಬಿದ್ದಿದ್ದು ರಾತ್ರಿ ಎರಡೂವರೆಗೆ. 14 ಜನಕ್ಕೆ ಒಬ್ಬಳೇ ಆಯಾ ಇದ್ದಳು, ಇನ್ನೊಂದು ರೂಮಿನಲ್ಲಿದ್ದಳು. ಅಮ್ಮ ಎಷ್ಟು ಹೊತ್ತು ನೆಲದ ಮೇಲಿದ್ದಳೋ ಯಾರೂ ನೋಡಿಲ್ಲ. ಆರು ಅಂತ ಬರೆಯಲು ಮೇಲಿನಿಂದ ಹೇಳಿದ್ದರು.

ಹಿರಿಯರ ಸಹಾಯವಾಣಿ 14567 ಒತ್ತಿ, ಮತ್ತೆ ಕಟ್ ಮಾಡಿದೆ. ಹೇಳಿದವರ ಕೆಲಸ ಹೋದರೆ? ಕೊನೆಗೆ ಸಿಸ್ಟರ್ ವಿಷಯ ಎತ್ತದೆ, ಊತ ನೋಡಿ ಮೂಳೆ ಡಾಕ್ಟರ್ ಕೇಳಿದ ಪ್ರಶ್ನೆಯನ್ನೇ ಇಟ್ಟುಕೊಂಡು ಮ್ಯಾನೇಜರ್ ಮುಂದೆ ಕೂತೆ. ಅರ್ಧ ಗಂಟೆ ಆದಮೇಲೆ ಒಪ್ಪಿಕೊಂಡರು. ರಾತ್ರಿ ಪಾಳಿಗೆ ಈಗ ಇಬ್ಬರು ಆಯಾ ಇದ್ದಾರೆ. ಆಸ್ಪತ್ರೆ ಬಿಲ್ಲಿನಲ್ಲಿ ಅರ್ಧ ಅವರೇ ಕೊಟ್ಟರು. ಕ್ಷಮೆ ಅನ್ನುವ ಮಾತು ಇವತ್ತಿಗೂ ಕೇಳಿಲ್ಲ.

ತಮ್ಮ ಆಗಲೂ ಹೇಳಿದ: "ನೋಡಿದ್ಯಾ, ಬೀರೂರು ಅಂದವರು ಇದನ್ನೂ ಹೇಳ್ತಾರೆ." ನನಗೆ ಹಾಗನ್ನಿಸುವುದಿಲ್ಲ. ಬೀರೂರಿನ ಮಾತು ಅಮ್ಮನಿಗೋಸ್ಕರ. ಅದನ್ನು ನನಗೆ ತಿಳಿಸಿಯೇ ಹೇಳಿದರು, ಪುಸ್ತಕದಲ್ಲೂ ಬರೆದಿಟ್ಟರು. ಆರು ಗಂಟೆಯ ಮಾತು ಯಾರಿಗೋಸ್ಕರ ಅಂತ ಬೇರೆ ಹೇಳಬೇಕಾ? ಈ ಜಾಗಕ್ಕೆ ಐದರಲ್ಲಿ ಒಂದು ಸ್ಟಾರ್ ಕಡಿಮೆ ಮಾಡಿದ್ದು ಅದಕ್ಕೇ. ನಾಲ್ಕು ಕೊಟ್ಟಿದ್ದು ಕೆಳಗಿನ ಮಹಡಿಯ ಸಿಸ್ಟರ್‌ಗಳಿಗೆ, ಕಟ್ಟಡಕ್ಕಲ್ಲ.

ಹೋದ ತಿಂಗಳು ಒಂದು ಸಂಜೆ ಅಮ್ಮ ಬಾಗಿಲಿಗೆ ಹೋಗಲಿಲ್ಲ. ಮಂಚದ ಮೇಲೆ ಕೂತೇ ಇನ್‌ಚಾರ್ಜ್ ಸಿಸ್ಟರ್‌ನ ಕರೆದು, "ಅವರು ಹೋಗಿ ಬಹಳ ವರ್ಷ ಆಯ್ತು, ಅಲ್ವೇನೇ?" ಅಂದಳು. ದನಿ ಹಳೆಯ ಅಮ್ಮನದೇ. ಸಿಸ್ಟರ್ ನನ್ನ ಮುಖ ನೋಡಿದರು. ನಾನು ಕಿತ್ತಳೆ ಸುಲಿಯುತ್ತಿದ್ದೆ, ತಲೆ ಎತ್ತಲಿಲ್ಲ. "ಹೌದಮ್ಮ" ಅಂದರು ಅವರು.

"ಮತ್ತೆ ನೀನ್ಯಾಕೆ ಗಾಡಿ ಬೀರೂರಲ್ಲಿದೆ ಅಂತಿದ್ದೆ?"

ಸಿಸ್ಟರ್ ಹತ್ತಿರ ಉತ್ತರ ಇರಲಿಲ್ಲ. ಅಮ್ಮನ ಕೈ ಹಿಡಿದುಕೊಂಡು ಕೂತರು. ಅಮ್ಮ ಒಂದು ತೊಳೆ ಕಿತ್ತಳೆ ತೆಗೆದು ಅವರ ಅಂಗೈಯಲ್ಲಿಟ್ಟಳು. ಡ್ಯೂಟಿ ಬದಲಾಗುವಾಗ ಸಿಸ್ಟರ್ ಪುಸ್ತಕದಲ್ಲಿ ಬರೆದದ್ದನ್ನು ನನಗೆ ತೋರಿಸಿದರು. "5:40. ಯಜಮಾನರು ಇಲ್ಲವೆಂದು ಅಜ್ಜಿಗೆ ಇವತ್ತು ಗೊತ್ತಿದೆ. ರೈಲಿನ ಮಾತು ಎತ್ತಬೇಡಿ. ರಾತ್ರಿ ಕೇಳಿದರೆ ಮೊದಲು ಅವರೇ ಏನು ಹೇಳುತ್ತಾರೆ ಕೇಳಿಸಿಕೊಳ್ಳಿ."

ನೀವು ಯಾವುದೇ ಇಂಥ ಜಾಗ ನೋಡಲು ಹೋಗುವುದಾದರೆ ಬೆಳಿಗ್ಗೆ ಹತ್ತಕ್ಕೆ ಹೋಗಬೇಡಿ. ಆಗ ಎಲ್ಲ ಕಡೆ ನೆಲ ಒರೆಸಿರುತ್ತಾರೆ, ಎಲ್ಲರ ತಲೆ ಬಾಚಿರುತ್ತಾರೆ. ಸಂಜೆ ಐದೂವರೆಗೆ ಹೋಗಿ ವರಾಂಡದಲ್ಲಿ ಸ್ವಲ್ಪ ಹೊತ್ತು ಸುಮ್ನೆ ನಿಂತಿರಿ. ರಿಪೋರ್ಟ್ ಬುಕ್ ತೋರಿಸ್ತೀರಾ ಅಂತ ಕೇಳಿ. ರಾತ್ರಿ ಎಷ್ಟು ಜನ ಆಯಾ ಇರುತ್ತಾರೆ ಅಂತ ಮ್ಯಾನೇಜರ್‌ನ ಕೇಳಿ, ಅದನ್ನೇ ಆಯಾನ ಇನ್ನೊಂದು ಸಲ ಕೇಳಿ.