ಮನೆ ಗಿರಣಿ ತಂದು ನಾಲ್ಕು ವರ್ಷ: ಪಂಚಮಿ ಉಂಡಿಯಿಂದ ಮಕ್ಕಳ ಡಬ್ಬಿಯವರೆಗೆ

2021ರ ಯುಗಾದಿಗೆ ನಮ್ಮ ಮನೆಗೆ ಹಿಟ್ಟಿನ ಗಿರಣಿ ಬಂತು. ಸಣ್ಣ ಕಪಾಟಿನ ಹಾಗೆ ನಿಲ್ಲುತ್ತದಲ್ಲ, ಮೇಲೆ ಕಾಳು ಸುರಿದರೆ ಕೆಳಗಿನ ಡಬ್ಬಿಗೆ ಹಿಟ್ಟು ಬೀಳುತ್ತದೆ, ಅದೇ. 1 ಎಚ್‌ಪಿ ಮೋಟಾರು, ಜೊತೆಗೆ 6 ಜಾಲಿ (ಹಿಟ್ಟು ನುಣ್ಣಗೆ ಬೇಕೋ ದಪ್ಪ ಬೇಕೋ ಅಂತ ಬದಲಿಸಿ ಹಾಕುವ ತೂತಿನ ಜರಡಿ). ಆಗ 14,500 ರೂಪಾಯಿ ಕೊಟ್ಟೆವು. ಕಂಪನಿ ಹೆಸರು ಬರೆಯುವುದಿಲ್ಲ. ನಾನು ನೋಡಿದ ಮೂರು ನಾಲ್ಕು ಮನೆಗಳ ಗಿರಣಿಗಳೆಲ್ಲ ಒಳಗೆ ಹೆಚ್ಚುಕಡಿಮೆ ಒಂದೇ ಥರ ಇವೆ. ಅದಕ್ಕೆ ಇದು ಒಂದು ಕಂಪನಿಯ ವಿಮರ್ಶೆ ಅಲ್ಲ, ಮನೆ ಗಿರಣಿ ಅನ್ನುವ ವಸ್ತುವಿನ ವಿಮರ್ಶೆ ಅಂತ ಓದಿ.

ನಾವು ಕಲಬುರಗಿಯಲ್ಲಿ ಜೇವರ್ಗಿ ರಸ್ತೆ ಕಡೆ ಇರುವವರು. ಅತ್ತೆಯವರು, ನಾವಿಬ್ಬರು, ಇಬ್ಬರು ಮಕ್ಕಳು. ನಮ್ಮ ಮನೆಯವರಿಗೆ 2019ರಲ್ಲಿ ಶುಗರ್ ಬಂತು. ಅಲ್ಲಿಂದ ಹಬ್ಬ ಹತ್ತಿರ ಬಂದರೆ ನನಗೆ ಒಂದೇ ಚಿಂತೆ. ಪಂಚಮಿಗೆ ಉಂಡಿ ಮಾಡದೆ ಇರೋಕಾಗಲ್ಲ, ದೀಪಾವಳಿಗೆ ಚಕ್ಕುಲಿ ಕರ್ಚಿಕಾಯಿ ಬಿಡೋಕಾಗಲ್ಲ. ಎಲ್ಲರೂ ತಿನ್ನುವಾಗ ಅವರೊಬ್ಬರೇ ಸುಮ್ನೆ ಕೂತಿರುವುದನ್ನು ನೋಡೋಕೂ ಆಗಲ್ಲ. ಅಂಗಡಿಯಿಂದ ಶುಗರ್ ಫ್ರೀ ಸ್ವೀಟ್ ತಂದು ನೋಡಿದೆ. ಯಾರಿಗೂ ಹಿಡಿಸಲಿಲ್ಲ. ಆಮೇಲೆ ಕೊರೊನಾ ಬಂತು, ಓಣಿಯ ಗಿರಣಿ ವಾರಗಟ್ಟಲೆ ಮುಚ್ಚಿತ್ತು, ಮನೆಯಲ್ಲಿ ಜೋಳ ಚೀಲಗಟ್ಟಲೆ ಇದ್ದರೂ ರೊಟ್ಟಿಗೆ ಹಿಟ್ಟಿಲ್ಲ. ತರೋಣ ಅಂತ ನಿರ್ಧಾರ ಆಗಿದ್ದು ಆವಾಗ.

ಈ ಗಿರಣಿ ನನಗೆ ಕೊಟ್ಟ ದೊಡ್ಡ ಉಪಕಾರ ಒಂದೇ: ಅರ್ಧ ಕಿಲೋ ಬೀಸಬಹುದು. ಕೇಳೋಕೆ ಸಣ್ಣ ಮಾತು ಅನಿಸುತ್ತೆ, ಅಲ್ವಾ? ಆದರೆ ಓಣಿಯ ಗಿರಣಿಗೆ ಅರ್ಧ ಕಿಲೋ ಸಜ್ಜೆ ಒಯ್ದು ನೋಡಿ. ಅವರು ಬೇಡ ಅನ್ನುವುದು ಸರಿಯೇ, ಅವರ ಕಲ್ಲಿನಲ್ಲೇ ಅಷ್ಟು ಹಿಟ್ಟು ಉಳಿಯುತ್ತದೆ, ನಮ್ಮ ಸಜ್ಜೆ ಆಮೇಲೆ ಬಂದವರ ಗೋಧಿಗೆ ಸೇರುತ್ತದೆ. ಹಾಗಾಗಿ ಒಯ್ದರೆ ಮೂರು ನಾಲ್ಕು ಕಿಲೋ ಒಯ್ಯಬೇಕು, ತಂದು ಡಬ್ಬಿ ತುಂಬಬೇಕು, ತಿಂಗಳು ಪೂರ್ತಿ ಅದನ್ನೇ ತಿನ್ನಬೇಕು.

ಸಜ್ಜೆ ವಿಷಯದಲ್ಲಿ ಇದರ ನಷ್ಟ ಜಾಸ್ತಿ. ಸಜ್ಜೆಯಲ್ಲಿ ಎಣ್ಣೆ ಅಂಶ ಹೆಚ್ಚು. ಕಾಳಾಗಿ ಇದ್ದಾಗ ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ಹಿಟ್ಟಾದ ಮೇಲೆ ಆ ಎಣ್ಣೆಗೆ ಗಾಳಿ ತಾಗುತ್ತದೆ, ವಾರ ಹತ್ತು ದಿನದಲ್ಲಿ ಕಹಿ ಹಿಡಿಯಲು ಶುರು. ನಾವು ಅದನ್ನು ಸಜ್ಜೆಯ ರುಚಿಯೇ ಹೀಗೆ ಅಂದುಕೊಂಡಿದ್ದೆವು! ಆ ಕಹಿ ಮುಚ್ಚೋಕೆ ಕಡಬಿಗೆ ಬೆಲ್ಲ ಜಾಸ್ತಿ, ಅದು ಬಿರಿಯುತ್ತದೆ ಅಂತ ಮೇಲಿಂದ ಗೋಧಿ ಹಿಟ್ಟು ಜಾಸ್ತಿ. ಹೀಗೆ ಆರೋಗ್ಯಕ್ಕೆ ಒಳ್ಳೆಯದು ಅಂತ ಮಾಡಿದ ತಿಂಡಿಯಲ್ಲಿ ಸಜ್ಜೆ ಹೆಸರಿಗಷ್ಟೇ ಉಳಿಯುತ್ತಿತ್ತು.

2022ರ ಜನವರಿ ಶುರುವಿಗೆ, ಎಳ್ಳ ಅಮಾವಾಸ್ಯೆಯ ಹಿಂದಿನ ರಾತ್ರಿ, ಮೊದಲ ಸಲ ಅವತ್ತೇ ಬೀಸಿದ ಸಜ್ಜೆ ಹಿಟ್ಟಿನಲ್ಲಿ ಕಡಬು ಮಾಡಿದೆವು. ನಮ್ಮ ಕಡೆ ಆ ಹಬ್ಬಕ್ಕೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ (ಭೂತಾಯಿಗೆ ಅಡುಗೆಯ ಎಡೆ ಚೆಲ್ಲುವುದು), ಬುತ್ತಿಯಲ್ಲಿ ಸಜ್ಜೆ ಕಡಬು, ಭಜ್ಜಿ ಪಲ್ಲೆ, ಜೋಳದ ಅಂಬಲಿ ಇರಲೇಬೇಕು. ಹಿಟ್ಟು ಇನ್ನೂ ಬೆಚ್ಚಗಿತ್ತು, ಬೂದು ಬಣ್ಣಕ್ಕೆ ಸ್ವಲ್ಪ ಹಸಿರು ಛಾಯೆ, ಮೂಗಿನ ಹತ್ತಿರ ತಂದರೆ ಹುರಿದ ಕಾಳಿನಂಥ ವಾಸನೆ. ಕುದಿಯುವ ನೀರು ಹಾಕಿ ಕಲಸಿದರೆ ಹಿಟ್ಟು ಕೈಗೆ ಒಂದೇ ಉಂಡೆಯಾಗಿ ಬಂತು. ಅತ್ತೆಯವರು ಒಂದು ಕಡಬು ತಟ್ಟಿ, ಅಂಚನ್ನು ಬೆರಳಲ್ಲಿ ಒತ್ತಿ ನೋಡಿ, "ನೋಡವಾ, ಒಂದು ಬಿರುಕು ಇಲ್ಲ, ಜಿಗಿ ಎಷ್ಟು ಚೊಲೊ ಅದ" ಅಂದರು. ಗೋಧಿ ಹಿಟ್ಟು ಬೇಕಾಗಲೇ ಇಲ್ಲ. ಹಬೆಯಲ್ಲಿ ಬೆಂದ ಮೇಲೆ ತಿಂದು ನೋಡಿದರೆ ಸಜ್ಜೆಗೆ ಅದರದ್ದೇ ಸಿಹಿ ಇತ್ತು. ಆ ವರ್ಷ ಬೆಲ್ಲ ಅರ್ಧಕ್ಕೆ ಇಳಿಯಿತು, ಕಡಿಮೆಯಾಗಿದೆ ಅಂತ ಯಾರೂ ಹೇಳಲಿಲ್ಲ.

ಬೇಸನ್ ಉಂಡಿಯಲ್ಲೂ ಹೀಗೇ ಆಯಿತು. ಮೊದಲು ನಾನು ಅರ್ಧ ಕಿಲೋ ಅಂಗಡಿ ಬೇಸನ್‌ಗೆ ಅರ್ಧ ಕಿಲೋ ಸಕ್ಕರೆ ಪುಡಿ, 300 ಗ್ರಾಂ ತುಪ್ಪ ಹಾಕುತ್ತಿದ್ದೆ, ದೊಡ್ಡ ದೊಡ್ಡದಾಗಿ 40 ಗ್ರಾಮಿನ ಉಂಡಿ ಕಟ್ಟುತ್ತಿದ್ದೆ. ಲೆಕ್ಕ ಹಾಕಿದರೆ ಒಂದರಲ್ಲಿ 15 ಗ್ರಾಂ ಸಕ್ಕರೆ. ಮೇಲಿಂದ ಹಾಕುವ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಎರಡು ಉಂಡಿ ತಿಂದರೆ ಅದು ಮುಗಿದೇ ಹೋಯಿತು, ಚಹಾ ಬೇರೆ. ಈಗ ಕಡಲೆಬೇಳೆಯನ್ನು ಸಣ್ಣ ಉರಿಯಲ್ಲಿ ಘಮ ಬರುವ ತನಕ ಹುರಿದು, ಪೂರ್ತಿ ಆರಿಸಿ, ಸ್ವಲ್ಪ ದಪ್ಪ ಜಾಲಿಯಲ್ಲಿ ಬೀಸುತ್ತೇನೆ. ಅರ್ಧ ಕಿಲೋ ಹಿಟ್ಟಿಗೆ 200 ಗ್ರಾಂ ತುಪ್ಪ, 250 ಗ್ರಾಂ ಬೆಲ್ಲದ ಪುಡಿ. ತುಪ್ಪದಲ್ಲಿ ಹುರಿದ ಹಿಟ್ಟು ಕೈ ತಾಳುವಷ್ಟು ಆರಿದ ಮೇಲೆ ಬೆಲ್ಲ ಸೇರಿಸಬೇಕು, ಬಿಸಿ ಇದ್ದಾಗ ಹಾಕಿದರೆ ಅಂಟಾಗುತ್ತದೆ. 25 ಗ್ರಾಮಿನ ಸಣ್ಣ ಉಂಡಿ 38 ಆಗುತ್ತವೆ. ಒಂದರಲ್ಲಿ ಆರೂವರೆ ಗ್ರಾಂ ಬೆಲ್ಲ. ಹಿಟ್ಟು ತಾಜಾ ಇರುವುದರಿಂದ ಕಡಲೆಯ ಘಮವೇ ಬಾಯಿ ತುಂಬುತ್ತದೆ, ಸಿಹಿ ಹುಡುಕಬೇಕಾಗಿಲ್ಲ.

ಬೆಲ್ಲ ಹಾಕಿದ್ದೀವಿ ಅಂದ ಕೂಡಲೇ ಶುಗರ್ ಇದ್ದವರು ಎಷ್ಟಾದರೂ ತಿನ್ನಬಹುದು ಅನ್ನುವ ಮಾತು ನಮ್ಮ ಕಡೆ ಬಹಳ ಓಡಾಡುತ್ತದೆ. ದಯವಿಟ್ಟು ನಂಬಬೇಡಿ. ಬೆಲ್ಲವೂ ಸಕ್ಕರೆಯೇ, ರಕ್ತದಲ್ಲಿ ಅದೂ ಹಾಗೇ ಏರುತ್ತದೆ. ನಮ್ಮ ಮನೆಯವರಿಗೆ ಹಬ್ಬದ ದಿನ ಒಂದು ಉಂಡಿ, ಊಟ ಆದ ಮೇಲೆ. ಗುಳಿಗೆ ನಡೆದೇ ಇದೆ. ಗಿರಣಿಯಿಂದ ಶುಗರ್ ಇಳಿಯಿತು ಅಂತ ನಾನು ಬರೆಯುವುದಿಲ್ಲ. ಎಲ್ಲರ ಜೊತೆ ಕೂತು ಒಂದು ಉಂಡಿ ತಿಂದರಲ್ಲ, ನನಗೆ ಅಷ್ಟು ಸಾಕು.

ಪಂಚಮಿಯ ಅಳ್ಳಿಟ್ಟು ನಮ್ಮ ಮನೆಗೆ ವಾಪಸ್ ಬಂದಿದ್ದೂ ಈ ಗಿರಣಿಯಿಂದಲೇ. ಜೋಳಕ್ಕೆ ರಾತ್ರಿ ಬಿಸಿನೀರು ಚಿಮುಕಿಸಿ ಕಟ್ಟಿಟ್ಟು, ಮಾರನೇ ದಿನ ಕಾದ ಬಾಣಲೆಯಲ್ಲಿ ಅಳ್ಳು ಹುರಿದು, ಅದನ್ನು ಬೀಸಿ ಬೆಲ್ಲ ಏಲಕ್ಕಿ ಹಾಕಿ ಕಲಸುವುದು. ಎಣ್ಣೆ ಇಲ್ಲ, ತುಪ್ಪ ಬೇಕಿದ್ದರೆ ಒಂದು ಚಮಚ. ಅತ್ತೆಯವರು ಮೊದಲು ಬೀಸುಕಲ್ಲಿನಲ್ಲಿ ಮಾಡುತ್ತಿದ್ದರು, ಮೊಣಕಾಲು ನೋವು ಶುರುವಾದ ಮೇಲೆ ನಿಂತೇ ಹೋಗಿತ್ತು. ಅಳ್ಳು ಹಗುರ, ಒಮ್ಮೆಗೇ ಸುರಿದರೆ ಮೇಲೇ ತೇಲುತ್ತದೆ, ಕೆಳಗೆ ಇಳಿಯುವುದಿಲ್ಲ. ಮುಷ್ಟಿ ಮುಷ್ಟಿ ಹಾಕಬೇಕು. ಮಕ್ಕಳು ಹಾಲಿಗೆ ಕಲಸಿಕೊಂಡು ತಿನ್ನುತ್ತಾರೆ, ಶಾಲೆಯಿಂದ ಬಂದ ಕೂಡಲೇ ಬಿಸ್ಕತ್ತು ಕೇಳುವುದು ಎಷ್ಟೋ ಕಡಿಮೆಯಾಗಿದೆ.

ದಿನದ ತಿಂಡಿಗೆ ಜಾಸ್ತಿ ಕೆಲಸಕ್ಕೆ ಬರುವುದು ಧಪಾಟಿ (ಸೊಪ್ಪು, ಉಳ್ಳಾಗಡ್ಡಿ ಕಲಸಿ ತಟ್ಟುವ ರೊಟ್ಟಿ) ಹಿಟ್ಟು. ಜೋಳ 1 ಕಿಲೋ, ಗೋಧಿ ಕಾಲು ಕಿಲೋ, ಕಡಲೆಬೇಳೆ 150 ಗ್ರಾಂ, ತೊಗರಿಬೇಳೆ 100 ಗ್ರಾಂ, ಒಂದು ಚಮಚ ಜೀರಿಗೆ, ಎಲ್ಲ ಕೂಡಿಸಿ ಬೀಸಿಡುತ್ತೇನೆ. ನಮ್ಮ ಕಲಬುರಗಿ ತೊಗರಿಗೆ ಜಿಐ ಟ್ಯಾಗ್ (ಈ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು) ಸಿಕ್ಕಿದ್ದು 2019ರಲ್ಲಿ, ಆದರೆ ಸಾರಿಗೆ ಬಿಟ್ಟರೆ ತಿಂಡಿಗೆ ನಾವು ಅದನ್ನು ಬಳಸುವುದೇ ಕಡಿಮೆ. ಈ ಹಿಟ್ಟಿಗೆ ಹಾಕಿ ನೋಡಿ, ಧಪಾಟಿ ಅಂಚು ಗರಿಗರಿ ಬರುತ್ತದೆ. ಬೆಳಿಗ್ಗೆ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ ಹಾಕಿ ಕಲಸಿ ತಟ್ಟಿದರೆ ಮಕ್ಕಳ ಡಬ್ಬಿ ರೆಡಿ, ಮೊಸರು ಶೇಂಗಾ ಹಿಂಡಿ ಜೊತೆಗೆ. ಗೋಧಿ ರವಾ, ಜೋಳದ ನುಚ್ಚು ಕೂಡ ಮನೆಯಲ್ಲೇ ಆಗುತ್ತವೆ. ಮೇ ತಿಂಗಳ ನಮ್ಮ ಬಿಸಿಲಿಗೆ ನುಚ್ಚು ಮಜ್ಜಿಗೆಗಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ. ತೀರಾ ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣವಾಗಿ ಶುಗರ್ ಬೇಗ ಏರಿಸುತ್ತದೆ, ಹಾಗಾಗಿ ಮನೆಯವರ ಪಾಲಿಗೆ ನುಚ್ಚು, ರವಾ ಜಾಸ್ತಿ ಮಾಡುತ್ತೇನೆ.

ಸೋತದ್ದೂ ಇದೆ. ಚಕ್ಕುಲಿಯನ್ನು ಎಣ್ಣೆ ಇಲ್ಲದೆ ಓವನ್‌ನಲ್ಲಿ ಬೇಯಿಸಿ ಮೂರು ಸಲ ನೋಡಿದೆ. ಮೂರೂ ಸಲ ಕಲ್ಲು. ಅತ್ತೆಯವರ ಹಲ್ಲಿಗೆ ಆಗಲಿಲ್ಲ. ಈಗ ವರ್ಷಕ್ಕೆ ಒಂದೇ ಸಲ, ದೀಪಾವಳಿಗೆ, ತಾಜಾ ಎಣ್ಣೆಯಲ್ಲಿ ಕರಿಯುತ್ತೇನೆ. ಅಕ್ಕಿಯ ಅರ್ಧ ಪಾಲಿಗೆ ಜೋಳ ಹಾಕುತ್ತೇನೆ, ಒಂದು ಕಿಲೋಕ್ಕಿಂತ ಜಾಸ್ತಿ ಮಾಡುವುದಿಲ್ಲ. ಶಂಕರಪಾಳಿ ಮಾತ್ರ ಗೋಧಿ ಹಿಟ್ಟಿನಲ್ಲಿ ಓವನ್‌ಗೆ ಚೆನ್ನಾಗಿ ಬಂತು, ಅದನ್ನು ಕರಿಯುವುದು ಬಿಟ್ಟೇ ಬಿಟ್ಟೆವು.

ಇನ್ನು ಗಿರಣಿಯ ತೊಂದರೆಗಳು. ಅಂಗಡಿಯವರು ಮಾರುವಾಗ "ಎಲ್ಲಾ ಬೀಸ್ತದ್ರಿ" ಅಂದಿದ್ದರು. ಎರಡನೇ ತಿಂಗಳಲ್ಲಿ ಶೇಂಗಾ ಹೋಳಿಗೆ ಮಾಡೋಣ ಅಂತ ಹುರಿದ ಶೇಂಗಾ ಅರ್ಧ ಕಿಲೋ ಹಾಕಿದೆ. ಎರಡು ನಿಮಿಷಕ್ಕೆ ಸದ್ದು ಬದಲಾಯಿತು, ಭಾರ ಎಳೆಯುವ ಹಾಗೆ. ಆಮೇಲೆ ಸುಟ್ಟ ವಾಸನೆ. ಓಡಿ ಹೋಗಿ ಬಂದ್ ಮಾಡಿ ಬಾಗಿಲು ತೆಗೆದರೆ ಜಾಲಿಯ ಒಂದೊಂದು ತೂತಿನಲ್ಲೂ ಶೇಂಗಾ ಮುದ್ದೆ ಗಟ್ಟಿಯಾಗಿ ಕೂತಿತ್ತು. ಹಳೇ ಹಲ್ಲುಜ್ಜುವ ಬ್ರಷ್, ಬಿಸಿನೀರು, ಒಂದು ಸಂಜೆ ಪೂರ್ತಿ. ಅವತ್ತು ನನಗೆ ಅಳು ಬಂದಿತ್ತು, ಹದಿನಾಲ್ಕೂವರೆ ಸಾವಿರ ಹೋಯಿತು ಅಂತ. ಮೋಟಾರು ಉಳಿಯಿತು. ಶೇಂಗಾ, ಎಳ್ಳು, ಅಗಸಿ, ಒಣ ಕೊಬ್ಬರಿ, ಎಣ್ಣೆ ಬಿಡುವ ಯಾವುದನ್ನೂ ಹಾಕಬೇಡಿ. ಬೆಲ್ಲ ಸಕ್ಕರೆಯೂ ಬೇಡ. ಅವಕ್ಕೆ ಮಿಕ್ಸಿಯೇ ಸರಿ.

ಹಸಿ ಕಾಳೂ ಆಗುವುದಿಲ್ಲ. ಗೋಧಿ ತೊಳೆದರೆ ಎರಡು ಬಿಸಿಲಾದರೂ ಒಣಗಬೇಕು. ಗಂಜಿನಿಂದ (ಕಾಳಿನ ಮಾರುಕಟ್ಟೆಯಿಂದ) ತಂದ ಜೋಳವನ್ನು ಹಸನು ಮಾಡದೆ ಸುರಿಯಲೇಬಾರದು, ಒಂದು ಸಣ್ಣ ಕಲ್ಲು ಸಾಕು ಜಾಲಿ ಹರಿಯೋಕೆ. ನಮ್ಮದು ಒಂದು ಹಾಗೇ ಹರಿಯಿತು, ಹೊಸದಕ್ಕೆ 350 ರೂಪಾಯಿ. ಬೀಸಿದ ಹಿಟ್ಟು ಬೆಚ್ಚಗಿರುತ್ತದೆ, ಅಗಲ ಪರಾತಿನಲ್ಲಿ ಹರವಿ ಆರಿದ ಮೇಲೆ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರು ಕಟ್ಟಿ ಬೇಗ ಕೆಡುತ್ತದೆ. ಮಳೆಗಾಲದಲ್ಲಿ ಒಳಗೆ ಉಳಿದ ಹಿಟ್ಟಿಗೆ ಹುಳ ಬೀಳುತ್ತದೆ, ಪ್ರತಿ ಸಲ ಬ್ರಷ್ ಹಾಕಬೇಕು. ಇದು ಬೇಸರದ ಕೆಲಸ, ಹತ್ತು ನಿಮಿಷ ಹಿಡಿಯುತ್ತದೆ, ತಪ್ಪಿಸೋಕಾಗಲ್ಲ. ಸದ್ದು ಜಾಸ್ತಿಯೇ. ಮಧ್ಯಾಹ್ನ ಯಾರಾದರೂ ಮಲಗಿದ್ದರೆ ನಾವು ಓಡಿಸುವುದಿಲ್ಲ.

ಮೂರನೇ ವರ್ಷ ಒಂದು ದಿನ ಸ್ವಿಚ್ ಹಾಕಿದರೆ ಬರೀ ಗುಂಯ್ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಸರ್ವಿಸ್‌ನವರಿಗೆ ಫೋನ್ ಮಾಡಿದೆ, ಇವತ್ತು ನಾಳೆ ಅಂತ 12 ದಿನ ಮಾಡಿದರು. ಕೊನೆಗೆ ಓಣಿಯ ಮೋಟಾರ್ ರಿಪೇರಿ ಹುಡುಗ ಕೆಪಾಸಿಟರ್ ಬದಲಿಸಿ 400 ರೂಪಾಯಿಯಲ್ಲಿ ಮುಗಿಸಿದ. ಕೊಳ್ಳುವ ಮುಂಚೆ ಊರಲ್ಲಿ ಬಿಡಿಭಾಗ ಸಿಗುತ್ತವೆಯಾ ಅಂತ ಕೇಳಿ, ಬಣ್ಣ ಡಿಸೈನ್ ಆಮೇಲೆ ನೋಡಿ.

ದುಡ್ಡಿನ ಲೆಕ್ಕ ಕೇಳುವವರಿಗೆ: ನಮಗೆ ತಿಂಗಳಿಗೆ 20 ಕಿಲೋ ಬೀಸುವುದಿರುತ್ತದೆ. ಕಿಲೋಕ್ಕೆ ಏಳೆಂಟು ನಿಮಿಷ. 1 ಎಚ್‌ಪಿ ಅಂದರೆ 746 ವಾಟ್, ಗಂಟೆಗೆ ಮುಕ್ಕಾಲು ಯೂನಿಟ್ ಅಂತ ಹಿಡಿದರೆ ತಿಂಗಳಿಗೆ ಎರಡು ಯೂನಿಟ್ ಆಸುಪಾಸು, ಕರೆಂಟು ಬಿಲ್ಲಿನಲ್ಲಿ ಗೊತ್ತೇ ಆಗಲ್ಲ. ಹೊರಗೆ ಕಿಲೋಕ್ಕೆ 6 ರೂಪಾಯಿ ಅಂದುಕೊಂಡರೂ ನಾಲ್ಕು ವರ್ಷಕ್ಕೆ ಉಳಿದದ್ದು 5,760. ಅಂದರೆ ಹಾಕಿದ ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಬೀಸುವ ಕೂಲಿ ಉಳಿಸೋಕೆ ಅಂತ ತರುವುದಾದರೆ ಬೇಡ. ಇಬ್ಬರೇ ಇರುವ ಮನೆಗೆ, ಓಣಿಯಲ್ಲೇ ಒಳ್ಳೆಯ ಗಿರಣಿ ಇದ್ದವರಿಗೂ ಬೇಡ ಅಂತಲೇ ಹೇಳುತ್ತೇನೆ. ಮನೆಯಲ್ಲಿ ಶುಗರ್ ಇದ್ದವರೋ ಸಣ್ಣ ಮಕ್ಕಳೋ ಇದ್ದು, ನಾಲ್ಕೈದು ಥರದ ಕಾಳನ್ನು ಸ್ವಲ್ಪ ಸ್ವಲ್ಪವೇ ಬೀಸಿ ತಿನ್ನಬೇಕು ಅನ್ನುವವರು ಕಣ್ಣು ಮುಚ್ಚಿ ತನ್ನಿ.

ನಮ್ಮದರ ನುಣ್ಣನೆ ಜಾಲಿ ಅಂಚಿನಲ್ಲಿ ಸವೆದಿದೆ. ಪಂಚಮಿಗೆ ಮುಂಚೆ ಹೊಸದು ಹಾಕಿಸಬೇಕು. ಅತ್ತೆಯವರು ಅಳ್ಳಿಗೆ ಅಂತ ಎರಡು ಕಿಲೋ ಜೋಳ ಆಗಲೇ ಹಸನು ಮಾಡಿ ಇಟ್ಟಿದ್ದಾರೆ.